ಹೊಸ ಮನೆ ಕೊಳ್ಳುವಾಗ ಏಜೆಂಟರು ಯಾರ ಕಡೆಯವರು?

ದನದ ಜಾತ್ರೆಯಲ್ಲಿ ವ್ಯಾಪಾರ ಕುದುರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಮಾರುವವರ ಕೈ ಹಿಡಿದು ಬೆರಳೊತ್ತಿ ಬೆಲೆ ತಿಳಿದುಕೊಳ್ಳುತ್ತಾನೆ. ಆಮೇಲೆ ಅದೇ ಟವೆಲ್ಲನ್ನು ಕೊಳ್ಳುವವರ ಕೈ ಮೇಲೆ ಹೊದಿಸುತ್ತಾನೆ. ಬೆಲೆ ಗುಟ್ಟಾಗಿದ್ದರೂ ಆತ ಇಬ್ಬರ ನಡುವೆ ನಿಂತವನು, ಇಬ್ಬರಿಂದಲೂ ಏನಾದರೂ ಪಡೆಯುವವನು ಎಂಬುದು ಸುತ್ತ ನಿಂತವರಿಗೆಲ್ಲ ಗೊತ್ತು.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೋ ಕನಕಪುರ ರಸ್ತೆಯಲ್ಲೋ ಹೊಸದಾಗಿ ಏಳುತ್ತಿರುವ ಫ್ಲ್ಯಾಟ್ ತೋರಿಸಲು ಕಾರು ತರುವ ರಿಯಲ್ ಎಸ್ಟೇಟ್ ಏಜೆಂಟರು ಎಲ್ಲಿ ನಿಂತಿದ್ದಾರೆ ಎಂಬುದು ಇಷ್ಟು ಸುಲಭವಾಗಿ ಕಾಣುವುದಿಲ್ಲ. ಅವರು ನಿಮ್ಮ ತಂದೆಯವರನ್ನು ಮಾತನಾಡಿಸುವ ರೀತಿ, ತೋರಿಸುವ ಕಾಳಜಿ, ‘ನಿಮಗೋಸ್ಕರ ಬಿಲ್ಡರ್ ಹತ್ತಿರ ಮಾತಾಡ್ತೀನಿ ಸಾರ್’ ಎನ್ನುವ ಭರವಸೆ, ಇವೆಲ್ಲ ನೋಡಿದರೆ ನಿಮ್ಮ ಕಡೆಯವರೇ ಎನಿಸುತ್ತದೆ. ಹಣದ ಲೆಕ್ಕ ಬೇರೆ ಕಥೆ ಹೇಳುತ್ತದೆ. ಮನೆ ಕೊಳ್ಳುವ ವಯಸ್ಸು ನಿಮ್ಮದಲ್ಲ, ನಿಜ. ಆದರೆ ಅಪ್ಪ ಅಮ್ಮನ ಇಪ್ಪತ್ತು ವರ್ಷದ ಉಳಿತಾಯ ಮತ್ತು ಮುಂದಿನ ಇಪ್ಪತ್ತು ವರ್ಷದ ಬ್ಯಾಂಕ್ ಕಂತು ಸೇರಿ ಒಂದು ಸಹಿಯಲ್ಲಿ ಹೋಗುವ ಈ ವ್ಯವಹಾರದಲ್ಲಿ, ಜಾಲತಾಣ ತೆರೆದು ದಾಖಲೆ ಹುಡುಕಬಲ್ಲವರು ಅನೇಕ ಮನೆಗಳಲ್ಲಿ ನೀವೇ. ಆದ್ದರಿಂದ ಇದರ ಒಳಲೆಕ್ಕ ನಿಮಗೂ ತಿಳಿದಿರಲಿ.

ಮೊದಲು ಒಂದು ವ್ಯತ್ಯಾಸ. ಒಬ್ಬರು ವಾಸವಿದ್ದು ಮಾರುವ ಹಳೆಯ ಮನೆಯಾದರೆ, ನಮ್ಮ ಊರುಗಳಲ್ಲಿ ದಲ್ಲಾಳಿ ಸಾಮಾನ್ಯವಾಗಿ ಎರಡೂ ಕಡೆಯಿಂದ ಕಮಿಷನ್ ಪಡೆಯುತ್ತಾರೆ. ಬಿಲ್ಡರ್ ಕಟ್ಟಿ ಮಾರುವ ಹೊಸ ಮನೆಯಲ್ಲಿ ಹೆಚ್ಚಿನ ಪಾಲು ಹಾಗಲ್ಲ. ಅಲ್ಲಿ ಏಜೆಂಟರಿಗೆ ಹಣ ಕೊಡುವವರು ಬಿಲ್ಡರ್. ಈ ವ್ಯಾಪಾರದ ಭಾಷೆಯಲ್ಲಿ ಅವರಿಗೆ ‘ಚಾನೆಲ್ ಪಾರ್ಟ್‌ನರ್’ ಎಂಬ ಹೆಸರೂ ಇದೆ, ಅಂದರೆ ಬಿಲ್ಡರ್‌ನ ಮಾರಾಟದ ಕಾಲುವೆಯಲ್ಲಿ ಒಬ್ಬ ಪಾಲುದಾರ. ‘ನೀವು ನನಗೆ ಒಂದು ಪೈಸೆಯೂ ಕೊಡಬೇಕಾಗಿಲ್ಲ’ ಎಂದು ಅವರು ಹೇಳುವ ಮಾತು ಸುಳ್ಳಲ್ಲ. ಆದರೆ ಮಾರಾಟದ ಖರ್ಚನ್ನೆಲ್ಲ ಬಿಲ್ಡರ್ ಬೆಲೆಯೊಳಗೇ ಸೇರಿಸಿಕೊಂಡಿರುತ್ತಾರೆ. ಪುಕ್ಕಟೆ ಎನ್ನುವುದಕ್ಕಿಂತ, ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲ ಎನ್ನುವುದು ಸರಿ.

ಮಾರಾಟ ಕಚೇರಿಗೆ ಕಾಲಿಟ್ಟೊಡನೆ ಹೆಸರು, ಫೋನ್ ಸಂಖ್ಯೆ ಬರೆಸಿಕೊಳ್ಳುತ್ತಾರಲ್ಲ, ಅದು ಬರೀ ಉಪಚಾರವಲ್ಲ. ಯಾರು ಯಾರನ್ನು ಕರೆತಂದರು ಎಂಬ ದಾಖಲೆ ಅದು. ಮೊದಲು ನೀವೇ ನೇರವಾಗಿ ಹೋಗಿ ಹೆಸರು ಬರೆಸಿ, ಮುಂದಿನ ವಾರ ಏಜೆಂಟರ ಜೊತೆ ಹೋದರೆ ‘ಇವರು ನಮ್ಮ ನೇರ ಗಿರಾಕಿ’ ಎಂದು ಬಿಲ್ಡರ್ ಕಡೆಯವರು ಕಮಿಷನ್ ನಿರಾಕರಿಸಬಹುದು. ಮೊದಲು ಏಜೆಂಟರ ಜೊತೆ ಹೋದರೆ ಆ ಮಾರಾಟ ಅವರ ಲೆಕ್ಕಕ್ಕೇ ಬೀಳುತ್ತದೆ, ಮುಂದೆ ನೀವು ಅವರನ್ನು ಬಿಟ್ಟು ಹೋದರೂ. ಏಜೆಂಟರು ಬೇಕೋ ಬೇಡವೋ ಎಂಬ ತೀರ್ಮಾನವನ್ನು ಆದ್ದರಿಂದ ಆ ಪುಸ್ತಕದಲ್ಲಿ ಹೆಸರು ಬರೆಯುವ ಮೊದಲೇ ಮಾಡಿಕೊಳ್ಳಬೇಕು. ಏಜೆಂಟರಿಲ್ಲದೆ ಹೋದರೆ ಕಮಿಷನ್ನಿನಷ್ಟು ಬೆಲೆ ಇಳಿಯುತ್ತದೆ ಎಂದು ನಂಬಿ ಹೋಗುವವರಿದ್ದಾರೆ. ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಒಬ್ಬರಿಗೆ ದರ ಇಳಿಸಿದರೆ ಉಳಿದವರೂ ಕೇಳುತ್ತಾರೆ, ಮಾರಿಕೊಡುವ ಏಜೆಂಟರೂ ಮುನಿಸಿಕೊಳ್ಳುತ್ತಾರೆ ಎಂಬ ಅಳುಕು ಬಿಲ್ಡರ್‌ಗೆ ಇರುತ್ತದೆ. ವಾಹನ ನಿಲುಗಡೆ, ಮೇಲಿನ ಮಹಡಿಯ ಹೆಚ್ಚುವರಿ ಶುಲ್ಕ ಇಂಥವುಗಳಲ್ಲಿ ಚೌಕಾಶಿಗೆ ಜಾಗ ಸಿಗುವುದು ಹೆಚ್ಚು.

ಈಗ ಒಂದು ಸಣ್ಣ ಗಣಿತ. ಫ್ಲ್ಯಾಟಿನ ಬೆಲೆ 90 ಲಕ್ಷ ರೂಪಾಯಿ ಎಂದುಕೊಳ್ಳಿ. ಏಜೆಂಟರ ಕಮಿಷನ್ ಶೇಕಡಾ 2 ಎಂದು ಇಟ್ಟುಕೊಳ್ಳೋಣ; ನಿಜದಲ್ಲಿ ಇದು ಯೋಜನೆಯಿಂದ ಯೋಜನೆಗೆ ಬದಲಾಗುತ್ತದೆ. ಅವರಿಗೆ ಸಿಗುವುದು 1 ಲಕ್ಷದ 80 ಸಾವಿರ. ಅವರು ಬಿಲ್ಡರ್ ಜೊತೆ ವಾದ ಮಾಡಿ ನಿಮಗೆ 3 ಲಕ್ಷ ಕಡಿಮೆ ಮಾಡಿಸಿದರೆ ನಿಮಗೆ ಉಳಿಯುವುದು 3 ಲಕ್ಷ, ಅವರು ಕಳೆದುಕೊಳ್ಳುವುದು 6 ಸಾವಿರ ಮಾತ್ರ. ‘ಆರು ಸಾವಿರಕ್ಕೆ ಯಾರು ತಾನೇ ಹಿಂಜರಿಯುತ್ತಾರೆ’ ಎನಿಸುತ್ತದಲ್ಲವೇ? ಆದರೆ ವಾದ ಬೆಳೆದು ವ್ಯಾಪಾರವೇ ಮುರಿದರೆ ಅವರಿಗೆ ಹೋಗುವುದು ಇಡೀ 1 ಲಕ್ಷದ 80 ಸಾವಿರ. ನೀವು ಇನ್ನೊಂದು ತಿಂಗಳು ಯೋಚಿಸುತ್ತೇವೆ ಎಂದರೆ ಆ ತಿಂಗಳ ಓಡಾಟವೂ ಅವರದೇ. ಹೀಗಾಗಿ ಬೆಲೆ ಇಳಿಸುವುದಕ್ಕಿಂತ ವ್ಯಾಪಾರ ಬೇಗ ಮುಗಿಯುವುದು ಅವರಿಗೆ ಮುಖ್ಯವಾಗುತ್ತದೆ. ಇದಕ್ಕೆ ಅವರು ಕೆಟ್ಟವರಾಗಿರಬೇಕಾಗಿಲ್ಲ. ಇಳಿಜಾರಿದ್ದ ಕಡೆ ನೀರು ಹರಿದ ಹಾಗೆ, ಲಾಭವಿದ್ದ ಕಡೆ ಮಾತು ಹರಿಯುತ್ತದೆ.

ಈ ಊಹೆಯನ್ನು ಅಳೆದು ನೋಡಿದವರೂ ಇದ್ದಾರೆ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಷಿಕಾಗೊ ಸುತ್ತಮುತ್ತಲ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆ ಸರಳ: ಏಜೆಂಟರು ಗಿರಾಕಿಯ ಮನೆ ಮಾರುವುದಕ್ಕೂ ತಮ್ಮ ಸ್ವಂತ ಮನೆ ಮಾರುವುದಕ್ಕೂ ವ್ಯತ್ಯಾಸವಿದೆಯೇ? ಇತ್ತು. ಅದೇ ಬಗೆಯ ಮನೆಗಳನ್ನು ಹೋಲಿಸಿದಾಗ, ಸ್ವಂತ ಮನೆಯನ್ನು ಏಜೆಂಟರು ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು, ಸುಮಾರು ಶೇಕಡಾ 3.7ರಷ್ಟು ಹೆಚ್ಚು ಬೆಲೆಗೆ ಮಾರಿದ್ದರು. ಗಿರಾಕಿಗೆ ‘ಈಗಲೇ ಒಪ್ಪಿಕೊಳ್ಳಿ’ ಎಂದು ಹೇಳುವವರು ತಮ್ಮ ಮನೆಗೆ ಕಾಯುತ್ತಾರೆ ಎಂದಾಯಿತು. ಅಲ್ಲಿ ಗಿರಾಕಿ ಮಾರುವವನು, ಅವನೇ ಕಮಿಷನ್ ಕೊಟ್ಟಿದ್ದವನು ಕೂಡ. ನಮ್ಮ ವಿಷಯದಲ್ಲಿ ಗಿರಾಕಿ ಕೊಳ್ಳುವವನು, ಹಣ ಕೊಡುವವರು ಎದುರು ಪಕ್ಷದವರು. ಇಲ್ಲಿ ಇಳಿಜಾರು ಇನ್ನೂ ಕಡಿದು.

ಹಾಗಾದರೆ ಏಜೆಂಟರ ಯಾವ ಮಾತನ್ನು ನಂಬಬೇಕು? ಅಳೆಯಲು ಬರುವ ಮಾತನ್ನು ಅಳೆದೇ ನೋಡಬೇಕು. ಎಲ್ಲಕ್ಕಿಂತ ಮೊದಲು ವಿಸ್ತೀರ್ಣ.

ಏಜೆಂಟರು ‘1,200 ಚದರ ಅಡಿ, ಅಡಿಗೆ 7,500’ ಎನ್ನುತ್ತಾರೆ. ಒಟ್ಟು 90 ಲಕ್ಷ. ಈ 1,200 ‘ಸೂಪರ್ ಬಿಲ್ಟ್‌ಅಪ್’ ಎಂಬ ಅಳತೆ. ಅದರಲ್ಲಿ ಗೋಡೆಯ ದಪ್ಪ, ಮೆಟ್ಟಿಲು, ಲಿಫ್ಟು, ಪಡಸಾಲೆ ಎಲ್ಲದರಲ್ಲೂ ನಿಮ್ಮ ಪಾಲು ಸೇರಿರುತ್ತದೆ. ಕಾನೂನು ಮಾನ್ಯ ಮಾಡುವ ಅಳತೆ ‘ಕಾರ್ಪೆಟ್ ಏರಿಯಾ’. ಸರಳವಾಗಿ ಹೇಳುವುದಾದರೆ ಮನೆಯೊಳಗೆ ಬಳಸಲು ಸಿಗುವ ನೆಲ: ಒಳಗಿನ ಅಡ್ಡಗೋಡೆಗಳು ಸೇರಿ, ಹೊರಗೋಡೆ, ಪೈಪು ಹಾಯುವ ಕಂಡಿ, ಬಾಲ್ಕನಿ ಮತ್ತು ತೆರೆದ ತಾರಸಿ ಬಿಟ್ಟು. ನಮ್ಮ 1,200ರ ಫ್ಲ್ಯಾಟಿನಲ್ಲಿ ಅದು 840 ಚದರ ಅಡಿ ಇದ್ದರೆ, ನಿಜವಾದ ದರ 90 ಲಕ್ಷ ಭಾಗಿಸು 840, ಅಂದರೆ ಅಡಿಗೆ ಸುಮಾರು 10,714 ರೂಪಾಯಿ. ಪಕ್ಕದ ಬೀದಿಯಲ್ಲಿ ಇನ್ನೊಂದು ಫ್ಲ್ಯಾಟ್: 1,100 ಚದರ ಅಡಿ, ಅಡಿಗೆ 8,000, ಒಟ್ಟು 88 ಲಕ್ಷ, ಒಳಗಿನ ನೆಲ 825. ಭಾಗಿಸಿ ನೋಡಿ, 10,667 ಬರುತ್ತದೆ. ಬಾಯಿಮಾತಿನಲ್ಲಿ ಅಡಿಗೆ ಐನೂರು ರೂಪಾಯಿ ದುಬಾರಿ ಎನಿಸಿದ ಮನೆಯೇ ಅಗ್ಗವಾಗಿ ಹೊರಬಿತ್ತು. ಎರಡನೆಯ ತರಗತಿಯ ಭಾಗಾಕಾರವೇನಲ್ಲ, ಆದರೆ ಪ್ರೌಢಶಾಲೆಯವರಿಗೆ ಕಷ್ಟವೂ ಅಲ್ಲ. ಇಷ್ಟು ಹಣದ ಭಾಗಾಕಾರವನ್ನು ಯಾರೂ ಮಾಡದೆ ಬಿಡುವುದೇ ನನಗೆ ಆಶ್ಚರ್ಯ. ಕೊನೆಗೆ ತೆರಿಗೆಯನ್ನೂ ಕೇಳಿ. ಕಟ್ಟುತ್ತಿರುವ ಫ್ಲ್ಯಾಟಿಗೆ 2019ರ ಏಪ್ರಿಲ್‌ನಿಂದ ಸಾಮಾನ್ಯವಾಗಿ ಶೇಕಡಾ 5 ಜಿ.ಎಸ್.ಟಿ. ಇದೆ, ಕೈಗೆಟಕುವ ದರದ ಮನೆಗಳ ವರ್ಗಕ್ಕೆ ಶೇಕಡಾ 1. ಕಟ್ಟಡ ಮುಗಿದ ಪ್ರಮಾಣಪತ್ರ ಸಿಕ್ಕ ಮೇಲೆ ಮಾರುವ ಮನೆಗೆ ಅದು ಇಲ್ಲ. 90 ಲಕ್ಷಕ್ಕೆ ಶೇಕಡಾ 5 ಎಂದರೆ ನಾಲ್ಕೂವರೆ ಲಕ್ಷ!

ಅಳತೆಯ ಈ ವ್ಯಾಖ್ಯೆ ಬಂದಿರುವುದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯಿಂದ. ಜನ ‘ರೇರಾ’ ಎನ್ನುತ್ತಾರೆ. 2017ರ ಮೇ 1ರಿಂದ ಇದು ಪೂರ್ಣವಾಗಿ ಜಾರಿಯಲ್ಲಿದೆ. ಅದಕ್ಕೆ ಮೊದಲು ಯಾರು ಬೇಕಾದರೂ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿ ಏಜೆಂಟರಾಗಬಹುದಿತ್ತು. ಈಗ ನೋಂದಾಯಿತ ಯೋಜನೆಯ ಮನೆ ಮಾರಿಸಲು ಏಜೆಂಟರೂ ನೋಂದಣಿ ಮಾಡಿಸಿರಬೇಕು. ದಲ್ಲಾಳಿ, ಮಧ್ಯವರ್ತಿ, ಸಲಹೆಗಾರ ಎಂದು ಯಾವ ಹೆಸರಿಟ್ಟುಕೊಂಡರೂ ಸರಿ. ಯೋಜನೆಗೊಂದು ಸಂಖ್ಯೆ, ಏಜೆಂಟರಿಗೊಂದು ಸಂಖ್ಯೆ. ಕರ್ನಾಟಕದ ಏಜೆಂಟರ ಸಂಖ್ಯೆಯ ನಡುವೆ ‘ಎ.ಜಿ.’ ಎಂಬ ಅಕ್ಷರಗಳಿರುತ್ತವೆ. ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಎರಡನ್ನೂ ಹುಡುಕಬಹುದು. ಐನೂರು ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮೀರದ ಮನೆಗಳ ಯೋಜನೆಗೆ ನೋಂದಣಿ ಕಡ್ಡಾಯವಲ್ಲ. ನಗರದ ಗಲ್ಲಿಗಳ ಎಷ್ಟೋ ಸಣ್ಣ ಕಟ್ಟಡಗಳು ಈ ರಕ್ಷಣೆಯ ಹೊರಗೇ ಉಳಿಯುತ್ತವೆ ಎಂಬುದೂ ನೆನಪಿರಲಿ.

ಕಾಯ್ದೆ ಏಜೆಂಟರ ಮೇಲೆ ಹೊರಿಸಿರುವ ಹೊಣೆಗಳಲ್ಲಿ ಎರಡು ನಮಗೆ ಮುಖ್ಯ. ಮನೆ ಕಾಯ್ದಿರಿಸುವ ಹೊತ್ತಿಗೆ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ಮಾಹಿತಿ, ದಾಖಲೆ ದೊರೆಯುವಂತೆ ಅವರು ನೋಡಿಕೊಳ್ಳಬೇಕು. ನೋಂದಣಿ ಆಗಬೇಕಾಗಿದ್ದೂ ಆಗದ ಯೋಜನೆಯಲ್ಲಿ ಅವರು ಮಾರಾಟ ಮಾಡಿಸುವಂತಿಲ್ಲ. ಈ ಎರಡನೆಯದೇ ಹೆಚ್ಚಾಗಿ ಮುರಿಯುವುದು. ‘ಪ್ರೀ-ಲಾಂಚ್ ಆಫರ್, ಇನ್ನೂ ಹೊರಗೆ ಬಿಟ್ಟಿಲ್ಲ, ನಿಮಗೆ ಮಾತ್ರ, ಒಂದು ಲಕ್ಷ ಕೊಟ್ಟು ಆಸಕ್ತಿ ಪತ್ರಕ್ಕೆ ಸಹಿ ಹಾಕಿ, ನಾಳೆ ಬೆಲೆ ಏರುತ್ತದೆ’ ಎಂಬ ಮಾತು ಕೇಳಿದರೆ ಯೋಜನೆಯ ನೋಂದಣಿ ಸಂಖ್ಯೆ ಕೇಳಿ. ನೋಂದಣಿಗೆ ಮೊದಲು ಜಾಹೀರಾತು ಕೊಡುವುದಕ್ಕೂ ಕಾಯ್ದಿರಿಸಿಕೊಳ್ಳುವುದಕ್ಕೂ ಕಾಯ್ದೆಯ ಅನುಮತಿಯಿಲ್ಲ. ನೋಂದಣಿ ಆದ ಮೇಲೂ, ಬರಹದ ಮಾರಾಟ ಕರಾರು ಮಾಡಿ ಅದನ್ನು ನೋಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇಕಡಾ 70 ಆ ಯೋಜನೆಯದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರು ಪ್ರಮಾಣೀಕರಿಸಿದ ಮೇಲೆ ಕೆಲಸ ಸಾಗಿದಷ್ಟೇ ಹಣ ತೆಗೆಯಬೇಕು. ನಿಮ್ಮ ಹಣ ಏಜೆಂಟರ ಖಾತೆಗೆ ಹೋದರೆ ಈ ಏರ್ಪಾಟಿಗೆಲ್ಲ ಅರ್ಥವೇ ಇಲ್ಲ. ಚೆಕ್ಕು ಯಾರ ಹೆಸರಿಗೆ ಎಂಬುದನ್ನು ಮನೆಯವರೆಲ್ಲ ಕೂತು ಎರಡು ಸಲ ಓದಿ.

ಇಷ್ಟು ಹೇಳಿದ ಮಾತ್ರಕ್ಕೆ ಏಜೆಂಟರು ಬೇಡವೇ ಬೇಡ ಎಂದಲ್ಲ. ಒಂದು ಬಡಾವಣೆಯಲ್ಲಿ ಹತ್ತು ವರ್ಷ ಓಡಾಡಿದವರಿಗೆ ಬಣ್ಣದ ಪುಸ್ತಕದಲ್ಲಿ ಇಲ್ಲದ ಸಂಗತಿಗಳು ಗೊತ್ತಿರುತ್ತವೆ. ಕಾವೇರಿ ನೀರು ಬಂದಿದೆಯೋ ಟ್ಯಾಂಕರ್ ಮೇಲೆಯೇ ದಿನ ದೂಡಬೇಕೋ, ಮಳೆ ಬಂದರೆ ಯಾವ ರಸ್ತೆ ಕೆರೆಯಾಗುತ್ತದೆ, ಇದೇ ಬಿಲ್ಡರ್ ಹಿಂದಿನ ಕಟ್ಟಡವನ್ನು ಹೇಳಿದ ವರ್ಷಕ್ಕೆ ಕೊಟ್ಟರೋ ಇಲ್ಲವೋ. ಬ್ಯಾಂಕ್ ಸಾಲದ ಕಾಗದಪತ್ರ ಓಡಾಡಿಸುವುದರಲ್ಲೂ ಅವರ ಸಹಾಯ ದೊಡ್ಡದು. ಊರಿನಿಂದ ದೂರವಿದ್ದು ಬೆಂಗಳೂರಿನಲ್ಲಿ ಮನೆ ಹುಡುಕುವವರಿಗಂತೂ ಅವರೇ ಕಣ್ಣು. ಒಳ್ಳೆಯ ಏಜೆಂಟರನ್ನು ಗುರುತಿಸಲು ನನಗೆ ತೋಚುವ ಪರೀಕ್ಷೆ ಒಂದೇ. ‘ಈ ಮನೆಯಲ್ಲಿ ಏನು ಕೊರತೆ?’ ಎಂದು ಕೇಳಿ. ‘ಏನೂ ಇಲ್ಲ ಸಾರ್’ ಎಂದರೆ ಅವರು ಮಾರುವವರು. ‘ಮಧ್ಯಾಹ್ನದ ಬಿಸಿಲು ನೇರ ಅಡುಗೆಮನೆಗೆ ಬೀಳುತ್ತದೆ, ಹಿಂದಿನ ಜಾಗದಲ್ಲಿ ನಾಳೆ ಇನ್ನೊಂದು ಕಟ್ಟಡ ಬರಬಹುದು’ ಎಂದರೆ ಅವರ ಜೊತೆ ಕಾಫಿ ಕುಡಿಯಬಹುದು. ಕಮಿಷನ್ ಎಷ್ಟು, ಯಾರು ಕೊಡುತ್ತಾರೆ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚವೂ ಬೇಡ.

ಆದರೆ ಕಾಗದಪತ್ರ ನೋಡುವ ಕೆಲಸ ಏಜೆಂಟರದಲ್ಲ, ಬಿಲ್ಡರ್ ಸೂಚಿಸಿದ ವಕೀಲರದ್ದೂ ಅಲ್ಲ. ಅದಕ್ಕೆ ನೀವೇ ಫೀಜು ಕೊಡುವ ಒಬ್ಬ ವಕೀಲರು ಬೇಕು. ಇಡೀ ವ್ಯವಹಾರದಲ್ಲಿ ನಿಮ್ಮಿಂದ ಮಾತ್ರ ಹಣ ಪಡೆಯುವವರು ಅವರೊಬ್ಬರೇ. ಬ್ಯಾಂಕು ಸಾಲ ಕೊಟ್ಟಿದೆ ಎಂದರೆ ಬ್ಯಾಂಕಿನ ವಕೀಲರು ಬ್ಯಾಂಕಿನ ಹಿತವನ್ನು ನೋಡಿದ್ದಾರೆ ಎಂದರ್ಥ. ಮೂಲ ಕ್ರಯಪತ್ರ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ ಇವನ್ನೆಲ್ಲ ಅವರು ನೋಡುತ್ತಾರೆ. ಸಿದ್ಧವಾದ ಮನೆಯಾದರೆ ಇನ್ನೊಂದು ಕಾಗದ, ವಾಸಯೋಗ್ಯ ಪ್ರಮಾಣಪತ್ರ, ಎಲ್ಲರೂ ‘ಓಸಿ’ ಎನ್ನುವುದು. ‘ಓಸಿ ಇನ್ನೇನು ಬರುತ್ತದೆ, ನೂರು ಜನ ಆಗಲೇ ವಾಸ ಇದ್ದಾರೆ’ ಎಂದು ಏಜೆಂಟರು ನಗುತ್ತಾ ಹೇಳುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇಂಥ ಪ್ರಮಾಣಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿತು. 2025ರಲ್ಲಿ ಕರ್ನಾಟಕದಲ್ಲಿ ಓಸಿ ಇಲ್ಲದ ಹೊಸ ಕಟ್ಟಡಗಳ ಮಾಲೀಕರು ವಿದ್ಯುತ್ ಸಂಪರ್ಕಕ್ಕಾಗಿ ಅಲೆಯುವಂತಾಯಿತು. ಆಮೇಲೆ ಸರ್ಕಾರ ಸಣ್ಣ ನಿವೇಶನಗಳ ಮನೆಗಳಿಗೆ ವಿನಾಯಿತಿ ಕೊಟ್ಟಿತಾದರೂ ದೊಡ್ಡ ಅಪಾರ್ಟ್‌ಮೆಂಟಿಗೆ ಅದು ಅನ್ವಯಿಸುವುದಿಲ್ಲ.

ಮಾರಾಟದ ಹಣ ಕೈಸೇರಿದ ದಿನ ಏಜೆಂಟರ ಕೆಲಸ ಮುಗಿಯುತ್ತದೆ. ಮೊದಲ ಮಳೆಗೆ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಾಣಿಸಿಕೊಂಡಾಗ ಅವರಿಗೆ ಫೋನ್ ಮಾಡುವವರೇ ಹೆಚ್ಚು, ಅವರ ನಂಬರಷ್ಟೇ ಮನೆಯಲ್ಲಿರುತ್ತದೆ. ಕರೆ ಮಾಡಬೇಕಾದ್ದು ಬಿಲ್ಡರ್‌ಗೆ, ಅದೂ ಬರಹದಲ್ಲಿ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ಅವರ ಗಮನಕ್ಕೆ ತಂದರೆ, 30 ದಿನದೊಳಗೆ ಹೆಚ್ಚಿನ ಹಣ ಪಡೆಯದೆ ಸರಿಪಡಿಸುವುದು ರೇರಾ ಕಾಯ್ದೆಯ ಪ್ರಕಾರ ಅವರ ಹೊಣೆ. ತಪ್ಪಿದರೆ ಪರಿಹಾರ ಕೇಳಿ ಪ್ರಾಧಿಕಾರಕ್ಕೆ ದೂರು ಕೊಡಬಹುದು.