ಹೆಸರಿಲ್ಲದ ದನಿಯಿಂದ ಆತ್ಮಕಥನದವರೆಗೆ: ಕನ್ನಡದಲ್ಲಿ ಅಸ್ಮಿತೆಯ ಬರಹಗಳು

ಮನುಷ್ಯ ತನ್ನನ್ನು ಕುರಿತು ಹೇಳಿಕೊಳ್ಳುವ ಪರಿಪಾಠ ಬರವಣಿಗೆಗಿಂತಲೂ ಹಳೆಯದು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತವರು, ಅತ್ತೆಮನೆ, ತೊಟ್ಟಿಲ ಕೂಸು ಇವುಗಳನ್ನು ಹಾಡುವಾಗ ಅಲ್ಲಿ ‘ನಾನು’ ಎಂಬುದು ಇದ್ದೇ ಇರುತ್ತದೆ. ಆದರೆ ಆ ‘ನಾನು’ ಒಬ್ಬಳದಲ್ಲ; ನಾಳೆ ಅದೇ ಕಲ್ಲಿನ ಮುಂದೆ ಕೂರುವ ಇನ್ನೊಬ್ಬಳು ಅದೇ ಹಾಡನ್ನು ತನ್ನದಾಗಿಸಿಕೊಳ್ಳುತ್ತಾಳೆ. ಇಂಥ ಪರಂಪರೆಯ ನಾಡಿನಲ್ಲಿ, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಈಚೆಗೆ, ದಲಿತರು, ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಹೆಸರಿನಲ್ಲಿಯೇ ತಮ್ಮ ಬದುಕನ್ನು ಹೇಳಿಕೊಂಡ ಪುಸ್ತಕಗಳು ಬಂದುದು ಗಮನಾರ್ಹ ಸಂಗತಿ. ಇವುಗಳನ್ನು ಕೇವಲ ಸಾಹಿತ್ಯ ಪ್ರಕಾರವೊಂದರ ಬೆಳವಣಿಗೆ ಎಂದು ನೋಡಿದರೆ ಸಾಲದು. ದನಿ ಯಾರದು, ಅದರ ಒಡೆತನ ಯಾರದು ಎಂಬ ಪ್ರಶ್ನೆಯನ್ನು ಇವು ಜಾನಪದ ಅಧ್ಯಯನದ ಮುಂದೆಯೂ ಗ್ರಂಥಾಲಯಗಳ ಮುಂದೆಯೂ ಇಟ್ಟಿವೆ.

೧. ಹಾಡಿದವರ ಹೆಸರು

೧೯೩೧ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಮನೆಯೊಳಗಿನ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳು ಶಿಷ್ಟ ಓದುಗರ ಎದುರಿಗೆ ಕಾವ್ಯವಾಗಿ ನಿಂತವು. ಅಂದಿನಿಂದ ಬಂದ ನೂರಾರು ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಮುಖಪುಟದ ಮೇಲೆ ಕಾಣುವುದು ಸಂಗ್ರಾಹಕರ, ಸಂಪಾದಕರ ಹೆಸರು. ಹಾಡಿದವರು ಬಹಳವೆಂದರೆ ಅನುಬಂಧದ ‘ವಕ್ತೃಗಳ ಪಟ್ಟಿ’ಯಲ್ಲಿ ಊರು, ವಯಸ್ಸು, ಜಾತಿಗಳೊಡನೆ ಸೇರಿಕೊಳ್ಳುತ್ತಾರೆ. ಜನಪದವು ಸಮೂಹದ ಸೃಷ್ಟಿ ಎಂಬ ತಿಳಿವಳಿಕೆ ಇದಕ್ಕೆ ಕಾರಣ. ಈ ತಿಳಿವಳಿಕೆ ತಪ್ಪಲ್ಲ. ಆದರೆ ಅದರ ನೆರಳಿನಲ್ಲಿ ಹಾಡುಗಾರ್ತಿಯ ಆಯ್ಕೆ, ಮರೆವು, ಸೇರ್ಪಡೆಗಳು ಕಾಣದೆ ಹೋದವು. ಸಮೂಹಕ್ಕೆ ದನಿ ಇದೆ, ವ್ಯಕ್ತಿಗೆ ಇಲ್ಲ ಎಂಬ ಅಭಿಪ್ರಾಯ ಬೇರೂರಿತು.

ವಚನಕಾರರು ಮತ್ತು ತತ್ವಪದಕಾರರ ಸಂಗತಿ ಬೇರೆ. ಅವರ ರಚನೆಗಳಲ್ಲಿ ಅಂಕಿತವಿದೆ. ಆದರೆ ಬಹುಪಾಲು ಅಂಕಿತಗಳು ದೈವದ ಅಥವಾ ಗುರುವಿನ ಹೆಸರುಗಳು. ಹೇಳುವವನು ತನ್ನ ಮಾತನ್ನು ತನಗಿಂತ ದೊಡ್ಡದೊಂದಕ್ಕೆ ಒಪ್ಪಿಸುತ್ತಾನೆ. ಆತ್ಮಕಥನದಲ್ಲಿ ಈ ದಿಕ್ಕು ತಿರುವುಮುರುವಾಗುತ್ತದೆ. ಹೇಳಿದ ಮಾತಿಗೆ ಹೇಳಿದವನೇ ಹೊಣೆಗಾರ, ಅವನೇ ಸಾಕ್ಷಿ.

೨. ಚರಿತ್ರೆಯಿಂದ ಕಥನಕ್ಕೆ

ಮಾಸ್ತಿಯವರ ‘ಭಾವ’, ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಮೊದಲಾದವು ‘ಆತ್ಮಚರಿತ್ರೆ’ ಎಂಬ ಹೆಸರಿಗೆ ಸಲ್ಲುವ ಕೃತಿಗಳು. ಇವುಗಳ ಹಿಂದೆ ಸಾಧನೆಯ ಮನ್ನಣೆ ಇದೆ. ಓದುಗ ಬಲ್ಲ ವ್ಯಕ್ತಿಯೊಬ್ಬರು ಹೇಗೆ ರೂಪುಗೊಂಡರು ಎಂಬ ಕುತೂಹಲಕ್ಕೆ ಇವು ಉತ್ತರ ಕೊಡುತ್ತವೆ. ಮುಂದೆ ಬಳಕೆ ಹೆಚ್ಚಿದ ‘ಆತ್ಮಕಥನ’ ಎಂಬ ಪದದ ಒತ್ತು ಬೇರೆ. ಅಲ್ಲಿ ಸಾಧನೆಯ ಕಾಲಾನುಕ್ರಮಣಿಕೆಗಿಂತ ಹೇಳುವ ಕ್ರಿಯೆಯೇ ಮುಖ್ಯ. ಬಿಡಿ ಪ್ರಸಂಗಗಳು, ಊರ ಸುದ್ದಿಗಳು, ಕೇಳಿದ ಕತೆಗಳು ಅದರೊಳಗೆ ಸಹಜವಾಗಿ ಸೇರುತ್ತವೆ.

ಈ ಬದಲಾವಣೆಗೆ ಚಾರಿತ್ರಿಕ ಕಾರಣಗಳಿವೆ. ೧೯೭೩ರ ಬೂಸಾ ಪ್ರಕರಣ, ಅದರ ಬೆನ್ನಿಗೆ ರೂಪುಗೊಂಡ ದಲಿತ ಚಳವಳಿ ಮತ್ತು ೧೯೭೯ರ ಬಂಡಾಯ ಸಾಹಿತ್ಯ ಸಂಘಟನೆಗಳು ಯಾರು ಬರೆಯಬೇಕು, ಯಾರ ಬದುಕು ಬರಹಕ್ಕೆ ಯೋಗ್ಯ ಎಂಬ ಪ್ರಶ್ನೆಗಳನ್ನು ನೇರವಾಗಿ ಕೇಳಿದವು. ನೆರೆಯ ಮರಾಠಿಯಲ್ಲಿ ದಯಾ ಪವಾರರ ‘ಬಲುತ’ ೧೯೭೮ರಲ್ಲಿ, ಲಕ್ಷ್ಮಣ ಮಾನೆಯವರ ‘ಉಪರಾ’ ೧೯೮೦ರಲ್ಲಿ, ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ ೧೯೮೪ರಲ್ಲಿ ಬಂದಿದ್ದವು. ಲಿಂಬಾಳೆಯವರ ಕೃತಿ ದು. ನಿಂ. ಬೆಳಗಲಿ ಅವರಿಂದ ‘ಅಕ್ರಮ ಸಂತಾನ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ಹುಟ್ಟಿನ ಕಾರಣಕ್ಕೆ ಸಮಾಜ ಬೈಗುಳವಾಗಿ ಬಳಸುವ ಪದವನ್ನೇ ಪುಸ್ತಕದ ಹೆಸರಾಗಿಸಿದ ಈ ಕ್ರಮ ಮುಖ್ಯವಾದುದು. ಹೊರಗಿನವರು ಅಂಟಿಸಿದ ಹೆಸರನ್ನು ಒಳಗಿನವನು ಕೈಗೆತ್ತಿಕೊಂಡು ತಿರುಗಿಸಿ ತೋರಿಸುವುದೇ ಅಸ್ಮಿತೆಯ ಬರಹದ ಮೊದಲ ಹೆಜ್ಜೆ.

೩. ಕೇರಿಯ ‘ನಾನು’

ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (೧೯೯೪) ಇದೇ ಹೆಜ್ಜೆಯನ್ನು ಇಟ್ಟಿತು. ಮೀಸಲಾತಿಯ ಫಲಾನುಭವಿಗಳನ್ನು ಹಂಗಿಸುವ ಮಾತು ಅಲ್ಲಿ ಶೀರ್ಷಿಕೆಯಾಗಿದೆ. ಕೃತಿ ಬಿಡಿ ಪ್ರಸಂಗಗಳ ರೂಪದಲ್ಲಿ ಸಾಗುತ್ತದೆ. ಪ್ರತಿ ಪ್ರಸಂಗವೂ ಒಂದು ಸಾಮಾಜಿಕ ಕಟ್ಟಳೆಯನ್ನು ತೆರೆದು ತೋರಿಸುತ್ತದೆ. ಮಾಲಗತ್ತಿಯವರು ಜಾನಪದ ವಿದ್ವಾಂಸರೂ ಹೌದು. ಹಬ್ಬ, ಆಚರಣೆಗಳನ್ನು ವರ್ಣಿಸುವವನು ಅವುಗಳ ಅಂಚಿನಲ್ಲಿ ನಿಲ್ಲಿಸಲ್ಪಟ್ಟವನಾದಾಗ ವರ್ಣನೆಯ ಸ್ವರೂಪವೇ ಬದಲಾಗುತ್ತದೆ ಎಂಬುದಕ್ಕೆ ಈ ಕೃತಿ ನಿದರ್ಶನ.

ಸಿದ್ಧಲಿಂಗಯ್ಯನವರ (೧೯೫೪–೨೦೨೧) ‘ಊರುಕೇರಿ’ಯ ಮೊದಲ ಭಾಗ ೧೯೯೬ರಲ್ಲಿ ಪ್ರಕಟವಾಯಿತು, ಮುಂದೆ ಇನ್ನೆರಡು ಭಾಗಗಳು ಬಂದವು. ಆ ವೇಳೆಗೆ ಅವರು ‘ಹೊಲೆಮಾದಿಗರ ಹಾಡು’ (೧೯೭೫) ಸಂಕಲನದಿಂದ ನಾಡಿಗೆ ಪರಿಚಿತರಾಗಿದ್ದ ಕವಿ. ಆ ಕವಿತೆಗಳ ಕೆಚ್ಚನ್ನೇ ನಿರೀಕ್ಷಿಸಿದವರಿಗೆ ಆತ್ಮಕಥನದ ನಗು ಅನಿರೀಕ್ಷಿತವಾಗಿತ್ತು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಇನ್ನೊಬ್ಬ ಉಳುತ್ತಿದ್ದುದನ್ನು, ಹಾಗೆ ನೊಗ ಹೊತ್ತವರಲ್ಲಿ ಒಬ್ಬರು ತನ್ನ ತಂದೆಯೇ ಎಂಬುದನ್ನು ಬಾಲಕ ಕಾಣುವ ಪ್ರಸಂಗ ಈ ಕೃತಿಯಲ್ಲಿದೆ. ಅದನ್ನು ಅವರು ಏರುದನಿಯಲ್ಲಿ ಹೇಳುವುದಿಲ್ಲ. ಕೇರಿಯ ಹಿರಿಯರು ಕತೆ ಹೇಳುವ ಧಾಟಿಯಲ್ಲಿ, ಕಂಡದ್ದನ್ನು ಕಂಡಂತೆ ಹೇಳಿ ಮುಂದೆ ಸಾಗುತ್ತಾರೆ. ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ನಡೆಸಿದ ಇವರಿಗೆ ಮೌಖಿಕ ಕಥನದ ಹದ ತಿಳಿದಿತ್ತು. ದೆವ್ವ, ದೇವರು, ಸ್ಮಶಾನ, ಹಾಸ್ಟೆಲು, ಭಾಷಣದ ವೇದಿಕೆ ಎಲ್ಲವೂ ಅಲ್ಲಿ ಒಂದೇ ಓಘದಲ್ಲಿ ಬರುತ್ತವೆ.

ಶೀರ್ಷಿಕೆಯಲ್ಲಿ ಲೇಖಕನ ಬದಲು ಸ್ಥಳವಿರುವುದನ್ನು ಗಮನಿಸಬೇಕು. ‘ಊರು’ ಮತ್ತು ‘ಕೇರಿ’ ಎಂಬ ಎರಡು ಪದಗಳ ನಡುವಿನ ಅಂತರವೇ ಕೃತಿಯ ವಸ್ತು. ಇಲ್ಲಿ ‘ತನ್ನ ದನಿಯನ್ನು ಕಂಡುಕೊಳ್ಳುವುದು’ ಎಂದರೆ ಗುಂಪಿನಿಂದ ಬೇರೆಯಾಗಿ ಒಂಟಿಯಾಗುವುದಲ್ಲ. ಗುಂಪಿನ ಮಾತಿನ ಲಯವನ್ನು ಬರಹಕ್ಕೆ ತರುವುದು. ಬೀಸುವ ಕಲ್ಲಿನ ಹಾಡಿನ ‘ನಾನು’ವಿಗೂ ಈ ‘ನಾನು’ವಿಗೂ ಇರುವ ನಂಟು ಇದೇ. ವ್ಯತ್ಯಾಸವಿಷ್ಟೆ: ಇಲ್ಲಿ ಹೆಸರಿದೆ.

ಮಹಿಳಾ ಆತ್ಮಕಥನಗಳಲ್ಲಿಯೂ ಇಂಥ ಸ್ಥಳನಿಷ್ಠ ರೂಪಕಗಳಿವೆ. ೨೦೧೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಜಯಾ ಅವರ ‘ಕುದಿ ಎಸರು’ ತನ್ನ ಹೆಸರನ್ನು ಒಲೆಯ ಬುಡದಿಂದ ಪಡೆದಿದೆ. ಅಕ್ಕಿ ಹಾಕುವ ಮುನ್ನ ಕುದಿಯುವ ನೀರು ಎಸರು. ಒಳಗೇ ಕುದಿಯುತ್ತ, ಮುಚ್ಚಳ ಒತ್ತಿದಷ್ಟೂ ಉಕ್ಕುವ ಬದುಕನ್ನು ಹೇಳಲು ಗ್ರಂಥಸ್ಥ ಪದಕ್ಕಿಂತ ಅಡುಗೆಮನೆಯ ಪದ ಹೆಚ್ಚು ಸಮರ್ಥವಾಗಿದೆ.

೪. ಬೇರೆಯಾದ ಹೆಸರು

ಲಿಂಗತ್ವ ಅಲ್ಪಸಂಖ್ಯಾತರ ಆತ್ಮಕಥನಗಳಲ್ಲಿ ಪ್ರಶ್ನೆ ಮತ್ತಷ್ಟು ಆಳಕ್ಕೆ ಇಳಿಯುತ್ತದೆ. ಹುಟ್ಟಿದಾಗ ಇಟ್ಟ ಹೆಸರೇ ತನ್ನದಲ್ಲ ಎಂಬಲ್ಲಿಂದ ಇವು ಆರಂಭವಾಗುತ್ತವೆ. ಎ. ರೇವತಿ ತಮ್ಮ ಬದುಕನ್ನು ಬರೆದದ್ದು ತಮಿಳಿನಲ್ಲಿ; ಆದರೆ ಮೊದಲು ಅಚ್ಚಾದದ್ದು ೨೦೧೦ರಲ್ಲಿ, ವಿ. ಗೀತಾ ಅವರ ಇಂಗ್ಲಿಷ್ ಅನುವಾದವಾಗಿ. ಕನ್ನಡಕ್ಕೆ ಅದನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ತಂದರು. ಮುಂದೆ ಅದು ರಂಗಕ್ಕೂ ಏರಿತು. ವ್ಯಕ್ತಿಯ ಲಿಂಗ ಗುರುತನ್ನು ಆ ವ್ಯಕ್ತಿಯೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ೨೦೧೪ರಲ್ಲಿ. ಕಾನೂನು ಒಪ್ಪುವ ಮೊದಲೇ ಪುಸ್ತಕ ಆ ಹಕ್ಕನ್ನು ಚಲಾಯಿಸಿತ್ತು.

ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಜಾನಪದಕ್ಕೆ ಇನ್ನೂ ಹತ್ತಿರದ್ದು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಎಂಬ ಹೆಸರಿನಲ್ಲಿ ಬೆಳೆದು ಮಂಜಮ್ಮನಾದ ಇವರು ಕಾಳವ್ವ ಜೋಗತಿಯವರಿಂದ ಜೋಗತಿ ಕುಣಿತ ಕಲಿತು, ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಪುಸ್ತಕದ ಹೆಸರು ಜೇಡರ ದಾಸಿಮಯ್ಯನ ವಚನವೊಂದನ್ನು ನೆನಪಿಗೆ ತರುತ್ತದೆ. ಆತ್ಮಕ್ಕೆ ಗಂಡು–ಹೆಣ್ಣೆಂಬ ಭೇದವಿಲ್ಲ ಎಂಬುದು ವಚನದ ನಿಲುವು. ಶೀರ್ಷಿಕೆ ಅದಕ್ಕೆ ಪ್ರತಿಯಾಗಿ ‘ಹೆಣ್ಣು’ ಎಂಬ ಪದವನ್ನು ಇರಿಸುತ್ತದೆ. ಭೇದವಿಲ್ಲವೆಂಬ ತತ್ವ ದೊಡ್ಡದು; ಆದರೆ ಹೆಣ್ಣಾಗಿ ಬದುಕಲು ಪಟ್ಟ ಪಾಡಿಗೆ ‘ಹೆಣ್ಣು’ ಎಂಬ ಪದವೇ ಬೇಕು. ಎಲ್ಲಮ್ಮನ ಪರಂಪರೆಯಲ್ಲಿ ಜೋಗತಿಯರಿಗೆ ಒಂದು ಸ್ಥಾನವಿದೆ; ಜಾತ್ರೆಯಲ್ಲಿ ಕೈಮುಗಿಯುವವರೇ ಮನೆಯ ಬಾಗಿಲಲ್ಲಿ ದೂರವಿಡುವುದೂ ಇದೆ. ಆಚರಣೆ ಕೊಡುವ ಗುರುತು ಮತ್ತು ವ್ಯಕ್ತಿ ಬಯಸುವ ಗುರುತು ಒಂದೇ ಅಲ್ಲ ಎಂಬುದನ್ನು ಕ್ಷೇತ್ರಕಾರ್ಯದ ಎಷ್ಟೋ ವರದಿಗಳಿಗಿಂತ ಇಂಥ ಕಥನ ಸ್ಪಷ್ಟಪಡಿಸುತ್ತದೆ.

೫. ಹೇಳಿದವರು, ಬರೆದವರು

ಮಂಜಮ್ಮನವರ ಕಥನವನ್ನು ಬರಹಕ್ಕಿಳಿಸಿದವರು ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಒಬ್ಬರು ಹೇಳಿ ಇನ್ನೊಬ್ಬರು ನಿರೂಪಿಸುವ ಈ ಬಗೆ ರಂಗಕರ್ಮಿಗಳ, ಜನಪದ ಕಲಾವಿದರ ಆತ್ಮಕಥನಗಳಲ್ಲಿ ರೂಢಿಯಲ್ಲಿದೆ. ಓದುಬರಹದ ಅವಕಾಶ ಸಿಗದವರಿಗೆ ಇದು ತೆರೆದ ಬಾಗಿಲು. ಆದರೆ ಇದರಲ್ಲಿ ತೊಡಕುಗಳೂ ಇವೆ. ಹೇಳುವಾಗಿನ ತಡವರಿಕೆ, ಪುನರುಕ್ತಿ, ಪ್ರಾದೇಶಿಕ ನುಡಿ, ಮೌನ ಇವು ಬರಹದಲ್ಲಿ ತಿದ್ದುಪಡಿಗೆ ಒಳಗಾಗುತ್ತವೆ. ಕೇಳುವವರ ಪ್ರಶ್ನೆಗಳು ಕಥನದ ಕ್ರಮವನ್ನು ನಿರ್ಧರಿಸಿ, ಆಮೇಲೆ ಪುಟದಿಂದ ಮರೆಯಾಗುತ್ತವೆ. ನೋವಿನ ಪ್ರಸಂಗಗಳನ್ನೇ ನಿರೀಕ್ಷಿಸುವ ಓದುಗ ವರ್ಗವೊಂದು ಬೆಳೆದಾಗ, ಕಲಾವಿದೆಯ ಕಲೆ, ಜಾಣ್ಮೆ, ನಗುಗಳು ಹಿಂದೆ ಸರಿಯುವ ಅಪಾಯವೂ ಇದೆ. ಹಳೆಯ ಸಂಗ್ರಹಗಳಲ್ಲಿ ಹಾಡುಗಾರ್ತಿ ಅನುಬಂಧಕ್ಕೆ ಸರಿದಂತೆ, ಇಲ್ಲಿ ಹೇಳಿದವರು ವಿಷಯವಾಗಿ ಮಾತ್ರ ಉಳಿಯಬಾರದು.

ಆದ್ದರಿಂದ ಕೆಲವು ಕ್ರಮಗಳು ಅಗತ್ಯ. ನಿರೂಪಿತ ಆತ್ಮಕಥನದಲ್ಲಿ ಹೇಳಿದವರ ಹೆಸರೇ ಕರ್ತೃಸ್ಥಾನದಲ್ಲಿರಬೇಕು, ನಿರೂಪಕರ ಹೆಸರು ಅದರ ಜೊತೆಗೆ ಬರಬೇಕು. ಗ್ರಂಥಾಲಯದ ಸೂಚಿಯಲ್ಲಿಯೂ ಇದೇ ಕ್ರಮ ಪಾಲನೆಯಾಗಬೇಕು. ಹಳೆಯ ಹೆಸರಿನ ಬದಲು ಕರ್ತೃ ಒಪ್ಪಿಕೊಂಡ ಹೆಸರನ್ನೇ ಮುಖ್ಯ ನಮೂದಾಗಿಸಬೇಕು. ಧ್ವನಿಮುದ್ರಿಕೆಗಳು ಇದ್ದಲ್ಲಿ, ಹೇಳಿದವರ ಒಪ್ಪಿಗೆ ಪಡೆದು, ಅವುಗಳನ್ನು ಪುಸ್ತಕದೊಡನೆ ಕಾಪಿಡಬೇಕು. ಯಾವ ಭಾಗ ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದು ಮುಂದಿನ ಸಂಶೋಧಕರಿಗೆ ತಿಳಿಯುವಂತಿರಬೇಕು. ಕರಡು ಸಿದ್ಧವಾದ ಮೇಲೆ ಹೇಳಿದವರಿಗೆ ಅದನ್ನು ಓದಿ ಕೇಳಿಸಿ, ಬೇಡವೆಂದದ್ದನ್ನು ಬಿಡುವ ಹಕ್ಕನ್ನು ಅವರಿಗೇ ಕೊಡಬೇಕು.

ಅಸ್ಮಿತೆ ಎಂಬುದು ಎಲ್ಲೋ ಅಡಗಿದ್ದು ಹುಡುಕಿದಾಗ ಸಿಗುವ ಸಿದ್ಧವಸ್ತುವಲ್ಲ; ಹೇಳುತ್ತ ಹೇಳುತ್ತ ರೂಪು ತಾಳುವಂಥದ್ದು ಎಂಬುದನ್ನು ಈ ಕೃತಿಗಳು ತೋರಿಸಿಕೊಟ್ಟಿವೆ. ಹೇಳುವುದಕ್ಕೆ ಕೇಳುವವರು ಬೇಕು. ಬೀಸುವ ಕಲ್ಲಿನ ಹಾಡಿಗೆ ಜೊತೆಗೆ ಕೂತು ಹಿಡಿಗೂಟಕ್ಕೆ ಕೈಗೂಡಿಸುವ ಗೆಳತಿ ಇದ್ದಳು. ಅಚ್ಚಾದ ಪುಸ್ತಕಕ್ಕೆ ಆ ಜಾಗದಲ್ಲಿರುವವರು ಓದುಗರು, ಸಂಶೋಧಕರು ಮತ್ತು ಗ್ರಂಥಪಾಲಕರು. ದನಿಯನ್ನು ಅದರ ಒಡೆಯರ ಹೆಸರಿನಲ್ಲಿಯೇ ಉಳಿಸುವ ಹೊಣೆ ಈಗ ಅವರದು.