ಬಣ್ಣದಡಿಯ ಗುಳ್ಳೆ: ಪ್ಲಾಸ್ಟಿಕ್ ಟ್ಯಾಂಕಿಗೆ ಎಥನಾಲ್ ತಂದ ಅಪಾಯ

ಬೈಕಿನ ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕಿನ ಮೇಲೆ ಬಣ್ಣ ಗುಳ್ಳೆಯೆದ್ದರೆ ಹೆಚ್ಚಿನವರು ಪೇಂಟರ್ ಹತ್ತಿರ ಹೋಗುತ್ತಾರೆ. ಅವರು ಗುಳ್ಳೆ ಉಜ್ಜಿ, ಪುಟ್ಟಿ ಮೆತ್ತಿ, ಪ್ರೈಮರ್ ಹೊಡೆದು, ಹೊಸ ಬಣ್ಣ ಹಾಕಿ ಕೊಡುತ್ತಾರೆ. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಏಳುತ್ತದೆ, ಪೇಂಟರ್ ಬೈಸಿಕೊಳ್ಳುತ್ತಾರೆ. ಆದರೆ ಕೆಟ್ಟಿರುವುದು ಬಣ್ಣವಲ್ಲ, ಅದರಡಿಯ ಪ್ಲಾಸ್ಟಿಕ್. ಇಂಧನದ ಆವಿ ಟ್ಯಾಂಕಿನ ಗೋಡೆಯೊಳಗಿಂದ ನುಸುಳಿ ಬಂದು ಬಣ್ಣದ ಪದರವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಇದನ್ನು ಬಣ್ಣ ಬಳಿದು ಮುಚ್ಚುವುದೆಂದರೆ ಮೊದಲ ಎಚ್ಚರಿಕೆಯನ್ನೇ ಅಳಿಸಿಹಾಕಿದಂತೆ.

ಈ ಸಮಸ್ಯೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಅಮೆರಿಕದಲ್ಲಿ. ಅಲ್ಲಿ ಶೇ. 10 ಎಥನಾಲ್ ಬೆರೆಸಿದ ಪೆಟ್ರೋಲ್ ಎಲ್ಲೆಡೆ ಬಳಕೆಗೆ ಬಂದ ಮೇಲೆ ಇಟಲಿಯ ಡುಕಾಟಿ ಬೈಕುಗಳ ಪ್ಲಾಸ್ಟಿಕ್ ಟ್ಯಾಂಕುಗಳು ಉಬ್ಬತೊಡಗಿದವು. ಬೋಲ್ಟಿನ ತೂತುಗಳು ಚಾಸಿಯ ತೂತುಗಳಿಗೆ ಹೊಂದದಾದವು, ಬಣ್ಣ ಎದ್ದಿತು. ಮಾಲೀಕರು ಸಾಮೂಹಿಕ ದಾವೆ ಹೂಡಿದರು. ಕೊನೆಗೆ ಟ್ಯಾಂಕುಗಳಿಗೆ ವಾರಂಟಿ ವಿಸ್ತರಿಸುವ ಒಪ್ಪಂದದೊಂದಿಗೆ ಪ್ರಕರಣ ರಾಜಿಯಾಯಿತು. ಇಷ್ಟೆಲ್ಲ ನಡೆದದ್ದು ಶೇ. 10ರ ಮಿಶ್ರಣದಲ್ಲಿ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಅದರ ಎರಡರಷ್ಟು. ಶೇ. 20 ಎಥನಾಲ್ ಇರುವ ಈ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ.

ಡುಕಾಟಿಯ ಆ ಟ್ಯಾಂಕುಗಳನ್ನು ಮಾಡಿದ್ದು ನೈಲಾನ್-6 ಎಂಬ ಪ್ಲಾಸ್ಟಿಕ್ಕಿನಿಂದ. ಈ ಆಯ್ಕೆಗೆ ಕಾರಣವಿತ್ತು. ನೈಲಾನ್ ಬರೀ ಪೆಟ್ರೋಲನ್ನು ಚೆನ್ನಾಗಿ ತಡೆಯುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯುತ್ತದೆ. ಆದರೆ ಅದರ ಉದ್ದನೆಯ ಅಣುಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು. ನೀರು ಮತ್ತು ಎಥನಾಲಿನ ಪುಟ್ಟ ಅಣುಗಳು ಸರಪಳಿಗಳ ನಡುವೆ ನುಗ್ಗಿ ಆ ಬಂಧಗಳ ಜಾಗದಲ್ಲಿ ತಾವು ಕೂರುತ್ತವೆ. ಸರಪಳಿಗಳು ದೂರ ಸರಿಯುತ್ತವೆ, ಪ್ಲಾಸ್ಟಿಕ್ ಹಿಗ್ಗುತ್ತದೆ, ಮೆದುವಾಗುತ್ತದೆ. ನೀರಿನಲ್ಲಿ ಮುಳುಗಿಸಿಟ್ಟ ನೈಲಾನ್-6 ತನ್ನ ತೂಕದ ಸುಮಾರು ಶೇ. 9ರಷ್ಟು ನೀರನ್ನು ಹೀರಿಕೊಳ್ಳಬಲ್ಲದು. 50 ಸೆಂ.ಮೀ. ಉದ್ದದ ಟ್ಯಾಂಕು ಶೇ. 2ರಷ್ಟು ಹಿಗ್ಗಿದರೂ 1 ಸೆಂ.ಮೀ. ಬೆಳೆದಂತಾಯಿತು. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ ಟ್ಯಾಂಕೂ ಚಾಸಿಗೆ ಬಿಗಿದುಕೊಳ್ಳುತ್ತದೆ.

ಎಲ್ಲ ಪ್ಲಾಸ್ಟಿಕ್ಕೂ ಹೀಗಲ್ಲ. ಎಚ್‌ಡಿಪಿಇ ಎಂಬ ಪಾಲಿಥೀನ್ ಎಥನಾಲಿಗೆ ಜಗ್ಗುವುದಿಲ್ಲ. ಆದರೆ ಪೆಟ್ರೋಲಿನ ಆವಿಯನ್ನು ಅಷ್ಟಿಷ್ಟು ಹೊರಬಿಡುತ್ತದೆ. ಆಫ್-ರೋಡ್ ಬೈಕುಗಳ ಟ್ಯಾಂಕಿಗೆ ಅಂಟಿಸುವ ಸ್ಟಿಕರುಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದು ಆ ಆವಿ ಹೊರಹೋಗಲೆಂದೇ. ಎಲ್ಲಕ್ಕಿಂತ ಅಪಾಯದಲ್ಲಿರುವುದು ಹಳೆಯ ಫೈಬರ್‌ಗ್ಲಾಸ್ ಟ್ಯಾಂಕುಗಳು. 1960ರ ದಶಕದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿಗೆ ಇದ್ದದ್ದು ಅಂಥದ್ದೇ ಟ್ಯಾಂಕು. ಎಥನಾಲ್ ಅದರ ಪಾಲಿಯೆಸ್ಟರ್ ರಾಳವನ್ನು ಮೆದುಗೊಳಿಸಿ ಕರಗಿಸುತ್ತದೆ. ಕರಗಿದ ಅಂಟು ಕಾರ್ಬ್ಯುರೇಟರ್ ಸೇರಿ ವಾಲ್ವಿನ ಮೇಲೂ ಕೂರಬಹುದು. ಕೆಫೆ ರೇಸರ್ ಮಾದರಿಗೆಂದು ಫೈಬರ್ ಟ್ಯಾಂಕು ಮಾಡಿಸಿಕೊಂಡವರು ಈ ಸಾಲನ್ನು ಎರಡು ಸಲ ಓದಬೇಕು.

ನಮ್ಮ ರಸ್ತೆಯ ಬಹುಪಾಲು ಬೈಕುಗಳದ್ದು ಉಕ್ಕಿನ ಟ್ಯಾಂಕು, ಅವಕ್ಕೆ ಈ ಉಬ್ಬುವ ರೋಗವಿಲ್ಲ. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ವಾಹನಗಳ ಬಿಡಿಭಾಗಗಳು ಶೇ. 20ರ ಮಿಶ್ರಣ ತಾಳಿಕೊಳ್ಳುವಂತಿರಬೇಕೆಂಬ ನಿಯಮವಿದೆ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಆ ಸಲಹೆಯಲ್ಲಿ ಟ್ಯಾಂಕಿನ ಮಾತಿಲ್ಲ. ಆದ್ದರಿಂದ ಹಳೆಯ ಆಮದು ಬೈಕು, ಫೈಬರ್ ಟ್ಯಾಂಕು ಇಟ್ಟುಕೊಂಡವರು ತಮ್ಮ ಎಚ್ಚರಿಕೆಯಲ್ಲಿ ತಾವೇ ಇರಬೇಕು. ಕರಾವಳಿ, ಮಲೆನಾಡಿನಲ್ಲಿ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕು ನಿಲ್ಲಿಸಿಟ್ಟರೆ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆಗ ಟ್ಯಾಂಕಿನ ತಳ, ಅಲ್ಲಿನ ಪಂಪು, ಸೀಲು ನಿಂತಿರುವುದು ಶೇ. 20ರ ಮಿಶ್ರಣದಲ್ಲಲ್ಲ, ಅದಕ್ಕಿಂತ ಎಷ್ಟೋ ಗಾಢವಾದ ದ್ರವದಲ್ಲಿ.

ಮುಂದಿನ ಹಾನಿ ಸೋರಿಕೆ. ಪಂಪು ಕೂರುವ ಬಾಯಿ ಸೊಟ್ಟಗಾದರೆ ಓ-ರಿಂಗ್ ಬಿಗಿ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಇಳಿಯುವುದು ಬಿಸಿ ಎಂಜಿನ್ನಿನ ಮೇಲೆ. ಗಾಳಿಯಲ್ಲಿ ಕೇವಲ ಶೇ. 1.4ರಷ್ಟು ಪೆಟ್ರೋಲ್ ಆವಿ ಇದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಾಗಾಗಿ ಮೊದಲು ಪರೀಕ್ಷೆ. ಟ್ಯಾಂಕನ್ನು ಎತ್ತಿ ಅದರ ಅಡಿಭಾಗ ನೋಡಿ. ಪ್ಲಾಸ್ಟಿಕ್ ಯಾವುದೆಂಬುದು ಅಲ್ಲಿ ಅಚ್ಚೊತ್ತಿರುವುದುಂಟು: ಪಿಎ-6 ಎಂದಿದ್ದರೆ ನೈಲಾನ್. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ತಾಗುತ್ತದೆಯೇ ನೋಡಿ. ಬಿಚ್ಚಿದ ಬೋಲ್ಟು ಮತ್ತೆ ಕೈಯಲ್ಲೇ ಸಲೀಸಾಗಿ ಕೂರುತ್ತದೆಯೇ, ಬಿರುಕಿದೆಯೇ, ಹತ್ತಿರ ಹೋದರೆ ಪೆಟ್ರೋಲ್ ವಾಸನೆ ಬರುತ್ತದೆಯೇ ಗಮನಿಸಿ.

ಉಬ್ಬಿದ ಟ್ಯಾಂಕನ್ನು ಬಯಲಲ್ಲೇ ಖಾಲಿ ಮಾಡಬೇಕು. ಪಂಪು, ಮುಚ್ಚಳ ಎಲ್ಲ ತೆಗೆದು, ಬೆಂಕಿಯ ಸುಳಿವೂ ಇಲ್ಲದ, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಲು ಬಿಡಬೇಕು. ಹೀರಿದ್ದು ಆರಿಹೋದಂತೆ ನೈಲಾನ್ ಬಹುಮಟ್ಟಿಗೆ ಹಿಂದಿನ ಅಳತೆಗೆ ಕುಗ್ಗುತ್ತದೆ. ಅವಸರಕ್ಕೆ ಹೀಟ್ ಗನ್ ಹಿಡಿಯುವುದು ಪ್ರಾಣಕ್ಕೇ ಅಪಾಯ: ಆವಿ ತುಂಬಿದ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಸುಲಭವಾಗಿ ಸಿಡಿಯುತ್ತದೆ. ಹಳೆಯ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದಲೇ ತೆಗೆಯಬೇಕು, ಬಣ್ಣ ಕೀಳುವ ರಾಸಾಯನಿಕ ಪ್ಲಾಸ್ಟಿಕ್ಕನ್ನೂ ತಿನ್ನಬಹುದು. ಅಳತೆ ಸರಿಹೋದ ಮೇಲೆ ಎಥನಾಲ್ ತಾಳುವ ನೊವೊಲಾಕ್ ಎಪಾಕ್ಸಿಯನ್ನು ಒಳಗೋಡೆಗೆ ಲೇಪಿಸಿ, ಅದು ಪೂರ್ತಿ ಗಟ್ಟಿಯಾದ ನಂತರವೇ ಪ್ರೈಮರು, ಬಣ್ಣ, ಕ್ಲಿಯರ್ ಕೋಟ್. ಒದ್ದೆ ಉಳಿದ ಗೋಡೆಗೆ ಹಚ್ಚಿದ ಲೇಪ ಸಿಪ್ಪೆಯಾಗಿ ಎದ್ದು ಫಿಲ್ಟರನ್ನು ಮುಚ್ಚಿಬಿಡುತ್ತದೆ. ಲೇಪ ಎಷ್ಟೇ ಚೆನ್ನಾಗಿ ಕೂತರೂ ಅದು ಹಾನಿಯನ್ನು ನಿಧಾನಗೊಳಿಸುತ್ತದೆಯೇ ಹೊರತು ಪ್ಲಾಸ್ಟಿಕ್ಕಿನ ಗುಣ ಬದಲಿಸದು.

ಬಿರುಕು ಬಿಟ್ಟಿದ್ದರೆ ರಿಪೇರಿಯ ಮಾತೇ ಬೇಡ. ಎಂ-ಸೀಲ್‌ನಂಥ ಅಂಟು ಮೆತ್ತಿ ರಸ್ತೆಗಿಳಿಯಬಾರದು. ಅಂಥ ಟ್ಯಾಂಕಿಗೆ ಬಣ್ಣ ಹೊಡೆಯಲು ಒಪ್ಪದ ಪೇಂಟರ್ ನಿಮ್ಮ ಹಿತೈಷಿ. ಬೈಕು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು ಖಾಲಿ ಮಾಡಿ, ಒಣಗಿಸಿಡಿ. ಕಂಪನಿಗಳು ತಮ್ಮ ಹಳೆಯ ಮಾದರಿಗಳ ಟ್ಯಾಂಕು ಯಾವ ವಸ್ತುವಿನದು, ಎಷ್ಟು ಎಥನಾಲ್ ತಾಳುತ್ತದೆ ಎಂಬುದನ್ನು ಬಹಿರಂಗವಾಗಿ ತಿಳಿಸಬೇಕು. ಬ್ರೆಜಿಲ್ 2025ರ ಆಗಸ್ಟ್‌ನಲ್ಲಿ ಶೇ. 30ಕ್ಕೆ ಏರಿತು, ನಮ್ಮಲ್ಲೂ ಶೇ. 20ರಾಚೆಯ ಚರ್ಚೆ ನಡೆದಿದೆ. ಮಿಶ್ರಣ ಇನ್ನೂ ಏರುವ ಮೊದಲು, ಈ ಭಾನುವಾರವೇ ನಿಮ್ಮ ಟ್ಯಾಂಕಿನ ಅಡಿಭಾಗವನ್ನೊಮ್ಮೆ ನೋಡಿಬಿಡಿ.