ನಾಲ್ಕು ಕವಡೆ, ನಾಲ್ಕು ಕಸುಬು, ಒಂದು ಮಳೆಯ ರಾತ್ರಿ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ, ಯಾವಾಗ ಬರುತ್ತದೆ ಎಂದು ಕೇಳುವವರು ಪೇಟೆಯಿಂದ ಬಂದವರು ಮಾತ್ರ. ಊರಿನವರು ಕೇಳುವುದಿಲ್ಲ. ಕಳೆದ ವರ್ಷ ಸೆಮಿಸ್ಟರ್ ಪರೀಕ್ಷೆ ಮುಗಿಸಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದ ನಾನು ಮೊದಲ ದಿನ ನಾಲ್ಕು ಸಲ ಕೇಳಿದೆ, ಎರಡನೇ ದಿನ ಒಂದು ಸಲ ಕೇಳಿದೆ, ಮೂರನೇ ದಿನ ಸುಮ್ಮನಾದೆ. ಮೊಬೈಲ್ ಸತ್ತು ಬಿದ್ದಿತ್ತು. ಮನೆಯಲ್ಲಿ ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು, ಅತ್ತೆಯ ಮಗ, ಆಗಷ್ಟೇ ಪಿಯುಸಿ ಸೇರಿದ್ದ ನನ್ನ ತಂಗಿ. ಜಗಲಿಯಲ್ಲಿ ಕೂತು ಅಡಕೆ ಮರ ಬಗ್ಗುವುದನ್ನು ಎಷ್ಟು ಹೊತ್ತು ನೋಡುವುದು?

"ಒಂದು ಆಟ ಮಾಡೋಣ" ಅಂದೆ.

"ಆಡೋಣ ಅನ್ನು, ಮಾಡೋಣ ಅಂತಾರಾ?" ಎಂದು ತಂಗಿ ತಿದ್ದಿದಳು.

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಹಾಸ್ಟೆಲಿನಲ್ಲಿ ಸೀನಿಯರ್‌ಗಳ ಜೊತೆ ಕೂತು ಆರ್‌ಪಿಜಿ, ಅಂದರೆ ರೋಲ್ ಪ್ಲೇಯಿಂಗ್ ಗೇಮ್ ಆಡಿದ್ದೆ. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. "ನಿಮ್ಮ ಮುಂದೆ ಮುಚ್ಚಿದ ಬಾಗಿಲಿದೆ, ಏನು ಮಾಡ್ತೀರಿ?" ಎಂದು ಅವನು ಕೇಳಿದರೆ ಇವರು ಹೇಳಬೇಕು. ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಈ ಬಗೆಯ ಆಟಗಳಿಗೆಲ್ಲ ಅಜ್ಜ ಎನ್ನಬಹುದಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅದರಲ್ಲಿ ಶುರುವಿಗೆ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಂತ್ರ ಹಾಕುವವನು, ದೇವರ ಕೆಲಸದವನು. ಇವಕ್ಕೆ 'ಕ್ಲಾಸ್' ಅನ್ನುತ್ತಾರೆ. ಯಾವ ಕ್ಲಾಸಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎನ್ನುವುದರ ಮೇಲೆ ಇಡೀ ಆಟ ನಿಂತಿದೆ.

ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಒಂದು ಮಧ್ಯಾಹ್ನ ಕೂತು ನಾಲ್ಕು ಕ್ಲಾಸ್ ಬರೆದೆ. ನೈಟ್, ವಿಝಾರ್ಡ್, ಆರ್ಚರ್, ಹೀಲರ್. ಒಂದು ಕೋಟೆ, ಒಳಗೊಂದು ಡ್ರ್ಯಾಗನ್, ಡ್ರ್ಯಾಗನ್ ಕಾಯುತ್ತಿರುವ ಚಿನ್ನ. ಓದಿ ಹೇಳಿದೆ. ಯಾರೂ ನಗಲೂ ಇಲ್ಲ, ಬೈಯಲೂ ಇಲ್ಲ. ಅದೇ ಹೆಚ್ಚು ಬೇಜಾರು. ಕೊನೆಗೆ ಚಿಕ್ಕಪ್ಪನ ಕಿರಿ ಮಗ, ಏಳನೇ ಕ್ಲಾಸಿನವನು, ಕೇಳಿದ: "ಅಣ್ಣ, ಡ್ರ್ಯಾಗನ್ ಚಿನ್ನ ಇಟ್ಕೊಂಡು ಎಂತ ಮಾಡತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದದ್ದು ಬೇರೆ ಯಾರದೋ ಕತೆಯ ನಕಲು. ಆ ಕೋಟೆ ಹೇಗಿರುತ್ತದೆ ಎಂದು ನನಗೇ ಗೊತ್ತಿಲ್ಲ. ಆದರೆ ಕವಲೇದುರ್ಗ ಗೊತ್ತಿದೆ. ಅದರ ಮೆಟ್ಟಿಲಲ್ಲಿ ಜಾರಿ ಬಿದ್ದ ಗುರುತು ಇನ್ನೂ ನನ್ನ ಮೊಣಕಾಲಲ್ಲಿದೆ. ಹಾಗಾಗಿ ಕತೆಯನ್ನು ಕೆಳದಿ ಅರಸರ ಕಾಲಕ್ಕೆ ತಂದೆ. 1689ರಲ್ಲಿ ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ದಕ್ಷಿಣದ ಜಿಂಜಿ ಕೋಟೆಯ ಕಡೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟದ್ದು ಶಾಲೆಯಲ್ಲಿ ಓದಿದ್ದೇ. ಅಷ್ಟು ಸಾಕಾಯಿತು. ಉಳಿದದ್ದು ನನ್ನ ಕಲ್ಪನೆ: ಮಳೆ ಸುರಿಯುವ ಒಂದು ರಾತ್ರಿ ಸನ್ಯಾಸಿ ವೇಷದ ಒಬ್ಬ ಅತಿಥಿ ಊರಿಗೆ ಬರುತ್ತಾನೆ. ಅವನು ಯಾರೆಂದು ಕೇಳುವ ಹಾಗಿಲ್ಲ. ಬೆಳಗಾಗುವುದರೊಳಗೆ ಹೊಳೆ ದಾಟಿಸಿ, ಉಕ್ಕಡ ದಾಟಿಸಿ, ಆಚೆ ಊರಿನ ಮಠಕ್ಕೆ ತಲುಪಿಸಬೇಕು. ತಲುಪಿಸುವವರು ಸೈನಿಕರಲ್ಲ, ಊರಿನ ನಾಲ್ಕು ಮಂದಿ.

"ಅವರಿಗೆ ಯಾವ್ಯಾವ ಕ್ಲಾಸು?" ಎಂದು ನಾನು ತಲೆ ಕೆರೆದುಕೊಳ್ಳುವಾಗ, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ, "ಕ್ಲಾಸು ಗೀಸು ಎಂತದಾ? ಕಸುಬು ಅನ್ನು" ಅಂದರು. ಇಡೀ ಇಂಗ್ಲಿಷ್ ಪಾರಿಭಾಷಿಕ ಪದ ಒಂದೇ ಮಾತಿಗೆ ಮುಗಿಯಿತು. ಬೇಟೆಗಾರ, ಅಂಬಿಗ, ಬಳೆಗಾರ, ನಾಟಿವೈದ್ಯೆ. ನಾಲ್ಕು ಕಸುಬು ಸಿಕ್ಕವು.

ದಾಳ ಇರಲಿಲ್ಲ. ಚೌಕಾಬಾರದ ಕವಡೆ ಇದ್ದವು. ನಾಲ್ಕು ಕವಡೆ ಎಸೆದರೆ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟು, ಅದೇ ಬಾರ. ಸುಲಭದ ಕೆಲಸಕ್ಕೆ ಎರಡು ಬೀಳಬೇಕು, ಕಷ್ಟದ ಕೆಲಸಕ್ಕೆ ಮೂರು, ಆಗದ ಕೆಲಸಕ್ಕೆ ನಾಲ್ಕು ಎಂದು ನಿಯಮ ಮಾಡಿದೆ. ಅವರವರ ಕಸುಬಿನ ಕೆಲಸವಾದರೆ ಬಿದ್ದದ್ದಕ್ಕೆ ಎರಡು ಸೇರಿಸಿಕೊಳ್ಳಬಹುದು.

"ಹಾಗಾದ್ರೆ ಅವರು ಸೋಲೋದೇ ಇಲ್ಲ" ಅಂದಳು ತಂಗಿ. ಲೆಕ್ಕ ಹಾಕಿ ತೋರಿಸಿದಳು. ನಾಲ್ಕು ಕವಡೆ ಒಟ್ಟು ಹದಿನಾರು ರೀತಿಯಲ್ಲಿ ಬೀಳಬಹುದು. ಒಂದು ಬೀಳುವುದು ನಾಲ್ಕು ರೀತಿ, ಎರಡು ಆರು ರೀತಿ, ಮೂರು ನಾಲ್ಕು ರೀತಿ, ಚೌಕ ಒಂದು, ಬಾರ ಒಂದು. ಮೂರು ಬೇಕೆಂದರೆ ಹದಿನಾರರಲ್ಲಿ ಆರು ಸಲ ಗೆಲುವು. ಒಂದು ಸೇರಿಸಿದರೆ ಹದಿನಾರರಲ್ಲಿ ಹನ್ನೆರಡು, ಅಂದರೆ ಗೆಲುವು ದುಪ್ಪಟ್ಟು. ಎರಡು ಸೇರಿಸಿದರೆ ಹದಿನಾರಕ್ಕೆ ಹದಿನಾರೂ ಗೆಲುವು. "ಮತ್ತೆ ಕವಡೆ ಎಸೆಯೋದು ಯಾಕೆ?" ಎಂದಳು. ಕವಡೆ ನಾಣ್ಯದ ಹಾಗೆ ಎರಡೂ ಕಡೆ ಸಮ ಇರುವುದಿಲ್ಲ, ಕಾಗದದ ಲೆಕ್ಕದಂತೆಯೇ ಬೀಳುವುದೂ ಇಲ್ಲ. ಆದರೂ ಅವಳು ಹೇಳಿದ್ದು ಸರಿ. ಒಂದನ್ನೇ ಸೇರಿಸುವುದು ಎಂದಾಯಿತು. ಪ್ರತಿಯೊಬ್ಬರಿಗೂ ಜೀವ ಅಂತ ಐದೈದು ಹುಣಸೆಬೀಜ. ಪೆಟ್ಟು ಬಿದ್ದರೆ ಒಂದು ಬೀಜ ಹೋಗುತ್ತದೆ.

ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ಆಟ ಶುರುವಾಯಿತು. ಬೇಟೆಗಾರ ಹೆಜ್ಜೆ ಗುರುತು ಹಿಡಿದ, ಹಂದಿ ಅಟ್ಟಿದ. ಅಂಬಿಗ ತುಂಬಿದ ಹೊಳೆಗೆ ದೋಣಿ ಇಳಿಸಿದ. ಬಳೆಗಾರ ದಾರಿಯ ಮನೆಗಳಲ್ಲಿ ಸುದ್ದಿ ಕೆದಕಿದ. ಹುಡುಗರ ಗಲಾಟೆಗೆ ಚಿಕ್ಕಮ್ಮ ಎರಡು ಸಲ ಗದರಿದರು. ನನಗೆ ಹೆಮ್ಮೆಯೋ ಹೆಮ್ಮೆ.

ನಾಟಿವೈದ್ಯೆ ತಂಗಿಯ ಪಾತ್ರ. ಅದನ್ನು ಅವಳಿಗೆ ಕೊಟ್ಟವನು ನಾನೇ, ಅವಳನ್ನು ಕೇಳಿರಲಿಲ್ಲ. ಯಾರಿಗಾದರೂ ಪೆಟ್ಟು ಬಿದ್ದಾಗ ಅವಳು ಕವಡೆ ಎಸೆಯಬೇಕು, ಗೆದ್ದರೆ ಅವರಿಗೊಂದು ಹುಣಸೆಬೀಜ ವಾಪಸ್. ಅಷ್ಟೇ ಅವಳ ಕೆಲಸ. ಅರ್ಧ ಗಂಟೆಯಲ್ಲಿ ಅವಳ ಸರದಿ ಬಂದದ್ದು ಎರಡು ಸಲ. ಮಧ್ಯೆ ಅಮ್ಮ ಕರೆದರೆಂದು ಎದ್ದು ಹೋಗಿ ನಮಗೆಲ್ಲ ಕಷಾಯ ತಂದುಕೊಟ್ಟಳು. ಮತ್ತೆ ಬಂದು ಕೂತಾಗ ಬೇಟೆಗಾರ, "ಬೇಗ ಮುಲಾಮು ಹಚ್ಚೇ, ನಂದು ಒಂದೇ ಬೀಜ ಉಳಿದಿರೋದು" ಎಂದ.

ಅವಳು ಕವಡೆ ಕೆಳಗಿಟ್ಟಳು. "ನೀವು ಹುಡುಗರು ಹೊಡೆದಾಡೋದು, ನಾನು ಮುಲಾಮು ಹಚ್ಚೋದು. ಮನೇಲೂ ಅದೇ, ಆಟದಲ್ಲೂ ಅದೇನಾ? ನಂಗೆ ಓದ್ಕೊಳ್ಳೋದಿದೆ" ಎಂದು ಎದ್ದು ಹೋದಳು.

ಹುಡುಗರು, "ಅವಳು ಯಾವಾಗ್ಲೂ ಹಾಗೇ" ಅಂದರು. ನಾನೂ ಹಾಗೆಯೇ ಅಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಕಾಡಿದ್ದು ಆಟ ಕೆಟ್ಟಿತಲ್ಲ ಎಂಬ ಸಿಟ್ಟು. ಆಮೇಲೆ ನೋಟ್‌ಬುಕ್ ತೆರೆದು ಟಾರ್ಚ್ ಬೆಳಕಲ್ಲಿ ಓದಿದೆ. ಬೇಟೆಗಾರನಿಗೆ ಒಂದೂವರೆ ಪುಟ ಬರೆದಿದ್ದೆ. ನಾಟಿವೈದ್ಯೆಗೆ ಎರಡು ಸಾಲು. ಆ ಎರಡು ಸಾಲಿನಲ್ಲೂ ಇದ್ದದ್ದು ಬೇರೆಯವರ ಗಾಯದ ವಿಚಾರ. ಅವಳದ್ದು ಅಂತ ಒಂದು ಕೆಲಸ, ಒಂದು ಆಸೆ, ಒಂದು ದಾರಿ ಏನೂ ಇರಲಿಲ್ಲ. ಹಾಗೆ ಬರೆಯುವಾಗ ನನಗೆ ಅದು ತಪ್ಪು ಅಂತಲೇ ಅನ್ನಿಸಿರಲಿಲ್ಲ.

ಬೆಳಿಗ್ಗೆ ಒಲೆಯ ಮುಂದೆ ಕೂತು ಇದನ್ನು ಅಜ್ಜಿಯ ಹತ್ತಿರ ಹೇಳಿಕೊಂಡೆ. ಅಜ್ಜಿ ತಮ್ಮ ಅಮ್ಮನ ಕತೆ ತೆಗೆದರು. ಅವರು ಸೂಲಗಿತ್ತಿಯಾಗಿದ್ದರಂತೆ. ನಡುರಾತ್ರಿ ಯಾರೋ ಬಂದು ಕರೆದರೆ ಕಂಬಳಿಕೊಪ್ಪೆ ಹಾಕಿಕೊಂಡು, ಸೂಡಿ ಹಿಡಿದು ಹೊರಟುಬಿಡುತ್ತಿದ್ದರಂತೆ. "ಹೆಂಗಸು ಒಬ್ಬಳೇ ರಾತ್ರಿ ಹೊರಟ್ರೆ ಹತ್ತು ಜನ ಕೇಳ್ತಿದ್ರು. ಅಮ್ಮನ್ನ ಮಾತ್ರ ಯಾರೂ ಎಲ್ಲಿಗೆ ಅಂತ ಕೇಳ್ತಿರಲಿಲ್ಲ. ಯಾವ ಮನೆ ಬಾಗಿಲಾದ್ರೂ ತೆಗೀತಿತ್ತು. ಗೌಡರ ಮನೆಯದ್ದೂ" ಎಂದರು. ಪಾತ್ರೆ ತೊಳೆಯುತ್ತಿದ್ದ ತಂಗಿಯ ಕೈ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ, "ನಾನು ಸೂಲಗಿತ್ತಿ ಆಗ್ತೀನಿ. ನಿಯಮ ನಾನೇ ಬರೀತೀನಿ" ಎಂದಳು.

ಬರೆದಳು. ಅವಳಿಂದಾಗಿ ಉಳಿದ ಮೂರು ಕಸುಬನ್ನೂ ಹೊಸದಾಗಿ ಬರೆಯಬೇಕಾಯಿತು. ಪ್ರತಿ ಕಸುಬಿಗೂ ಅವರಿಗೆ ಮಾತ್ರ ಆಗುವ ಒಂದು ಕೆಲಸ, ಅವರನ್ನು ಕಟ್ಟಿಹಾಕುವ ಒಂದು ವಿಷಯ. ಬೇಟೆಗಾರನಿಗೆ ಕತ್ತಲಲ್ಲೂ ದಾರಿ ಕಾಣುತ್ತದೆ, ಅಧಿಕಾರಿಗಳ ಮುಂದೆ ಮಾತು ಬರುವುದಿಲ್ಲ. ಅಂಬಿಗ ಎಂಥ ನೆರೆಯನ್ನಾದರೂ ದಾಟಿಸುತ್ತಾನೆ, ದೋಣಿ ಬಿಟ್ಟು ಗುಡ್ಡ ಹತ್ತಿದರೆ ಸುಸ್ತಾಗುತ್ತಾನೆ. ಬಳೆಗಾರನಿಗೆ ಊರೂರಿನ ಸುದ್ದಿ ಗೊತ್ತು, ಆಯುಧ ಹಿಡಿಯಲು ಗೊತ್ತಿಲ್ಲ. ಸೂಲಗಿತ್ತಿಗೆ ಯಾವ ಹೊತ್ತಿನಲ್ಲೂ ಯಾವ ಬಾಗಿಲಾದರೂ ತೆರೆಯುತ್ತದೆ, ಆದರೆ ಯಾರೇ ಹೆರಿಗೆಗೆ ಕರೆದರೂ ಇಲ್ಲ ಎನ್ನುವ ಹಾಗಿಲ್ಲ. ಕೈಯಲ್ಲಿದ್ದದ್ದನ್ನು ಬಿಟ್ಟು ಹೋಗಲೇಬೇಕು.

ಎರಡನೇ ರಾತ್ರಿ ಮತ್ತೆ ಕೂತೆವು. ಹೊಳೆ ದಾಟಿ ಉಕ್ಕಡದವರೆಗೆ ಬಂದರು. ಅಲ್ಲಿಗೆಂದು ನಾನು ಮೂರು ಪುಟ ಕಾದಾಟ ಬರೆದಿಟ್ಟಿದ್ದೆ. ಎಷ್ಟು ಕಾವಲುಗಾರರು, ಯಾರ ಕೈಯಲ್ಲಿ ಏನು ಎಲ್ಲವೂ ತಯಾರು. ಬೇಟೆಗಾರ ಬಿಲ್ಲಿಗೆ ಕೈ ಹಾಕಿದ. "ತಡಿ" ಅಂದಳು ತಂಗಿ. "ಡೋಲಿ ಕಟ್ಟಿ. ಅತಿಥಿನ ಒಳಗೆ ಮಲಗಿಸಿ ಸೀರೆ ಹೊದಿಸಿ. ಹೆರಿಗೆ ನೋವು ಬಂದ ಹೆಂಗಸನ್ನ ತವರಿಗೆ ಕರ್ಕೊಂಡು ಹೋಗ್ತಿದ್ದೀವಿ."

ಜಗಲಿಯಲ್ಲಿ ಒಂದು ಕ್ಷಣ ಮಳೆಯ ಸದ್ದು ಮಾತ್ರ. ನನ್ನ ಮೂರು ಪುಟ ದಂಡವಾಯಿತು ಎಂಬುದು ನನಗೆ ಮೊದಲು ಹೊಳೆದದ್ದು. ಸೂಲಗಿತ್ತಿಗೆ ಬಾಗಿಲು ತೆರೆಯಬೇಕು, ನಿಯಮ ಹಾಗಿದೆ. ಆದರೆ ಡೋಲಿಯೊಳಗೆ ಇಣುಕದ ಹಾಗೆ ತಡೆಯಲು ಮೂರು ಬೀಳಬೇಕು ಎಂದೆ. ಎರಡು ಬಿತ್ತು. ಕಸುಬಿನದ್ದು ಒಂದು ಸೇರಿ ಮೂರು. ಹುಡುಗರು ಕೂಗಿದರು.

ಸೋಲೊಪ್ಪಲು ನನಗೆ ಮನಸ್ಸಿರಲಿಲ್ಲ. ಕಾವಲಿನ ಮುಖ್ಯಸ್ಥ ಓಡಿಬಂದು, "ತಾಯಿ, ನನ್ನ ಹೆಂಡತಿಗೂ ನೋವು ಶುರುವಾಗಿದೆ, ಒಳಗೆ ಬನ್ನಿ" ಎಂದು ಕೈಮುಗಿದ ಎಂದು ಹೇಳಿಬಿಟ್ಟೆ. ಅವಳೇ ಬರೆದ ನಿಯಮದಲ್ಲಿ ಅವಳನ್ನೇ ಸಿಕ್ಕಿಸಿದ್ದೆ. ಬೆಳಗಾಗಲು ಹೆಚ್ಚು ಹೊತ್ತಿಲ್ಲ. ಎಲ್ಲರೂ ಕಾದರೆ ಅತಿಥಿ ಸಿಕ್ಕಿಬೀಳುತ್ತಾನೆ.

ಅವಳು ನನ್ನನ್ನೇ ನೋಡಿದಳು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. "ನೀವು ಹೊರಡಿ" ಎಂದಳು ಉಳಿದವರಿಗೆ. "ನಾನು ಇಲ್ಲಿ ಇರ್ತೀನಿ. ಆ ಹೆಂಗಸಿಗೆ ಏನೂ ಆಗಬಾರದು." ಅತ್ತೆಯ ಮಗ, "ನೀನು ಬರದಿದ್ರೆ ಕೊನೇಲಿ ಅತಿಥಿ ಯಾರು ಅಂತ ನಿಂಗೆ ಗೊತ್ತಾಗಲ್ವಲ್ಲೇ" ಎಂದು ಪೇಚಾಡಿದ. "ಗೊತ್ತಾಗದಿದ್ರೆ ಬೇಡ. ಇದು ನಾನು ಆರಿಸಿಕೊಂಡಿದ್ದು" ಎಂದಳು. ಹೆರಿಗೆಗೆ ಕವಡೆ ಎಸೆಯುವಾಗ ಒಳಗಿನಿಂದ ಅಮ್ಮ, ಚಿಕ್ಕಮ್ಮ, ಅಜ್ಜಿ ಮೂವರೂ ಬಂದು ನಿಂತಿದ್ದರು. ನಾಲ್ಕೂ ಕವಡೆ ಬೇರೆ ಬೇರೆ ಕಡೆ ಉರುಳಿದವು. ಮೂರು ಬಿತ್ತು. "ಹೆಣ್ಣು ಮಗು" ಎಂದೆ. ಅಜ್ಜಿ, "ಬಾಣಂತಿ ಹುಷಾರಾ?" ಎಂದು ನಿಜವಾಗಿಯೂ ಕೇಳಿದರು.

ಅತಿಥಿ ಮಠ ತಲುಪಿದ. ಅವನು ಯಾರೆಂದು ಹುಡುಗರಿಗೆ ಹೇಳಿದೆ. ತಂಗಿ ಕಿವಿ ಮುಚ್ಚಿಕೊಂಡಿದ್ದಳು, ತನ್ನ ಪಾತ್ರಕ್ಕೆ ಗೊತ್ತಾಗಬಾರದೆಂದು. ಆಟ ಮುಗಿದ ಮೇಲೆ ಕಷಾಯದ ಲೋಟಗಳು ಜಗಲಿಯಲ್ಲೇ ಬಿದ್ದಿದ್ದವು. ಅಭ್ಯಾಸದಂತೆ ಅವಳು ಎದ್ದಳು. ನಾನು ಕೂತೇ ಇದ್ದೆ, ಅದು ನಿಜ. ಮೊದಲು ಎದ್ದು ಲೋಟ ಜೋಡಿಸಿದವನು ಏಳನೇ ಕ್ಲಾಸಿನ ಅಂಬಿಗ. ಆಮೇಲೆ ನಾನು ಎದ್ದೆ.

ಈಗ ಹಾಸ್ಟೆಲಿನಲ್ಲಿ ಆ ನೋಟ್‌ಬುಕ್ ನನ್ನ ಜೊತೆಗಿದೆ. ಯಾರಾದರೂ ಆಟ ಮಾಡುವುದು ಹೇಗೆ ಎಂದು ಕೇಳಿದರೆ ಹೇಳುವುದು ಇಷ್ಟು. ಗೊತ್ತಿರುವ ಜಾಗದ ಕತೆ ಬರೆಯಿರಿ. ಸಮಸ್ಯೆ ಮಾತ್ರ ಬರೆದಿಡಿ, ಉತ್ತರ ಆಡುವವರಿಗೆ ಬಿಡಿ. ಕಸುಬು ಮಾಡಿದ ಮೇಲೆ ಪ್ರತಿಯೊಂದಕ್ಕೂ ಎಷ್ಟು ಸಾಲು ಬರೆದಿದ್ದೀರಿ ಎಂದು ಒಮ್ಮೆ ಎಣಿಸಿ. ಎರಡೇ ಸಾಲು ಇರುವ ಕಸುಬನ್ನು ಬೇರೆಯವರಿಗೆ ಕೊಡುವ ಮೊದಲು ನೀವೇ ಒಂದು ರಾತ್ರಿ ಆಡಿ ನೋಡಿ.

ಮೊನ್ನೆ ಮನೆಗೆ ಫೋನ್ ಮಾಡಿದ್ದೆ. ಈ ಮಳೆಗಾಲಕ್ಕೆ ಕತೆ ನಡೆಸುವವಳು ತಾನೇ ಅಂತೆ, ತಂಗಿ ಹೇಳಿದಳು. ನನಗೆ ಯಾವ ಕಸುಬು ಎಂದು ಕೇಳಿದೆ. "ಅಡುಗೆ ಭಟ್ಟ. ಎರಡು ಸಾಲು ಬರೆದಿದ್ದೀನಿ" ಎಂದು ಫೋನ್ ಇಟ್ಟಳು.